ಟನ್ ಏರಿಸುವ ಮೊದಲು ಗಾಳಿಯ ಒತ್ತಡ ಅಳೆಯಿರಿ: ಮನೆಯ ಡಕ್ಟ್ ಎಸಿ ಮತ್ತು ಕೂಲರ್‌ಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಡಕ್ಟ್ ಎಸಿ (ಒಂದೇ ಯಂತ್ರದ ತಂಪು ಗಾಳಿಯನ್ನು ಡಕ್ಟ್ ಎಂಬ ಕೊಳವೆಗಳಲ್ಲಿ ಎಲ್ಲ ಕೋಣೆಗಳಿಗೂ ಸಾಗಿಸುವ ಎಸಿ) ಹಾಕಿಸಿಕೊಂಡ ಮನೆಗಳಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ಪಡಸಾಲೆಯಲ್ಲಿ ಶಾಲು ಹೊದ್ದುಕೊಳ್ಳುವಷ್ಟು ತಂಪು, ಹಿಂದಿನ ಮಲಗುವ ಕೋಣೆಯಲ್ಲಿ ಬೆವರು. ಕೆಲಸದವರನ್ನು ಕರೆಸಿದರೆ, “ಸಾಹೇಬರೇ, ಯಂತ್ರ ಸಣ್ಣದಾಯಿತು, ಇನ್ನೊಂದು ಅರ್ಧ ಟನ್ ಏರಿಸೋಣ” ಎನ್ನುತ್ತಾರೆ. ಮನೆಯವರು ಸಾಲ ಮಾಡಿ ದೊಡ್ಡ ಯಂತ್ರ ತರುತ್ತಾರೆ. ಹಿಂದಿನ ಕೋಣೆ ಮತ್ತೆ ಹಾಗೆಯೇ ಬೇಯುತ್ತದೆ, ಕರೆಂಟ್ ಬಿಲ್ಲು ಮಾತ್ರ ಏರುತ್ತದೆ.

ನಾನು ನೋಡಿದ ಬಹಳಷ್ಟು ಮನೆಗಳಲ್ಲಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಗಾಳಿ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ, ಇಲ್ಲವೇ ಮರಳಿ ಬರುವ ದಾರಿಯೇ ಇರುವುದಿಲ್ಲ. ಇದನ್ನು ಕಂಡುಹಿಡಿಯಲು ಎಂಜಿನಿಯರ್ ಆಗಬೇಕಿಲ್ಲ. ಸ್ವಲ್ಪ ಪಾರದರ್ಶಕ ಪೈಪು, ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಹಲಗೆ, ಕೆಲವು ಊದುಬತ್ತಿ ಮತ್ತು ಒಂದು ಭಾನುವಾರ ಸಾಕು. ಮನೆಯ ಯಜಮಾನರೇ ಅಳೆದು, ಅಂಕಿಗಳನ್ನು ಬರೆದಿಟ್ಟುಕೊಂಡು ಕೆಲಸದವರೊಂದಿಗೆ ಮಾತಾಡಬೇಕು ಎಂಬುದೇ ಈ ಬರಹದ ಆಶಯ.

ಒತ್ತಡ, ವೇಗ, ಪ್ರಮಾಣ: ಇಷ್ಟು ತಿಳಿದಿರಲಿ

ಗಾಳಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ. ಬ್ಲೋವರ್, ಅಂದರೆ ಯಂತ್ರದೊಳಗಿನ ಗಾಳಿ ತಳ್ಳುವ ಫ್ಯಾನ್, ಮಾಡುವುದು ಇಷ್ಟೇ: ತನ್ನ ಒಂದು ಬದಿಯಲ್ಲಿ ಒತ್ತಡ ಏರಿಸುತ್ತದೆ, ಇನ್ನೊಂದು ಬದಿಯಲ್ಲಿ ಇಳಿಸುತ್ತದೆ. ಕೋಣೆಗಳಿಗೆ ಹೋಗುವ ಸಪ್ಲೈ ಡಕ್ಟ್‌ನಲ್ಲಿ ಒತ್ತಡ ಕೋಣೆಗಿಂತ ಹೆಚ್ಚು, ಮರಳಿ ಎಳೆದುಕೊಳ್ಳುವ ರಿಟರ್ನ್ ಬದಿಯಲ್ಲಿ ಕೋಣೆಗಿಂತ ಕಡಿಮೆ.

ಇಲ್ಲಿನ ಅಂಕಿಗಳು ಬಹಳ ಚಿಕ್ಕವು. ಒತ್ತಡವನ್ನು ಅಳೆಯುವ ಮಾನ ಪಾಸ್ಕಲ್. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 1,01,325 ಪಾಸ್ಕಲ್. ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ಅದು 94 ಸಾವಿರದ ಆಸುಪಾಸು. ಮನೆಯ ಡಕ್ಟ್ ಕೆಲಸ ಮಾಡುವುದು ಇದರ ಮೇಲೆ 50, 100 ಪಾಸ್ಕಲ್‌ಗಳ ವ್ಯತ್ಯಾಸದಲ್ಲಿ. 1 ಮಿಲಿಮೀಟರ್ ನೀರು ಎತ್ತರಿಸುವ ಒತ್ತಡವೇ ಸುಮಾರು 10 ಪಾಸ್ಕಲ್ ಎಂದರೆ, ನಮ್ಮ ಇಡೀ ವ್ಯವಹಾರ 5ರಿಂದ 10 ಮಿಲಿಮೀಟರ್ ನೀರಿನೊಳಗೆ ಮುಗಿಯುತ್ತದೆ. ಅದಕ್ಕೇ ಒಂದು ತಪ್ಪು ಮೂಲೆ, ಒಂದು ಧೂಳು ಹಿಡಿದ ಫಿಲ್ಟರ್ ಇಡೀ ವ್ಯವಸ್ಥೆಯನ್ನು ಕೆಡಿಸಬಲ್ಲದು.

ಡಕ್ಟ್‌ನ ಗೋಡೆಯನ್ನು ಎಲ್ಲ ದಿಕ್ಕಿಗೂ ತಳ್ಳುವ ಒತ್ತಡವನ್ನು ಕೆಲಸದವರು ಸ್ಟ್ಯಾಟಿಕ್ ಎನ್ನುತ್ತಾರೆ. ಗಾಳಿ ಓಡುತ್ತಿರುವುದರಿಂದಲೇ ಬರುವುದು ವೇಗದ ಒತ್ತಡ. ಎರಡೂ ಸೇರಿದರೆ ಒಟ್ಟು ಒತ್ತಡ. ವೇಗದ ಒತ್ತಡ ವೇಗದ ವರ್ಗದಂತೆ ಏರುತ್ತದೆ: ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಸುಮಾರು 9 ಪಾಸ್ಕಲ್ ಇದ್ದದ್ದು 8 ಮೀಟರ್ ವೇಗದಲ್ಲಿ 35 ಆಗುತ್ತದೆ. ಡಕ್ಟ್‌ನಲ್ಲಿ ಕಳೆದುಹೋಗುವ ಒತ್ತಡವೂ ಹೆಚ್ಚುಕಡಿಮೆ ಇದೇ ಲೆಕ್ಕ. ಗಾಳಿಯನ್ನು ಎರಡು ಪಟ್ಟು ಮಾಡಬೇಕೆಂದರೆ ನಾಲ್ಕು ಪಟ್ಟು ಒತ್ತಡ ಬೇಕು.

ಒತ್ತಡವನ್ನು ದಾರಿಯುದ್ದಕ್ಕೂ ಲೆಕ್ಕವಿಟ್ಟು ಖರ್ಚು ಮಾಡಬೇಕೆಂಬುದು ನಮ್ಮ ಊರಿಗೆ ಹೊಸದಲ್ಲ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬ್ ಮುಂತಾದ ಕೆರೆಗಳಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದವರು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಅದರೊಳಗೆ ಏರಿ, ಒತ್ತಡ ಕಳೆದುಕೊಂಡು ಮುಂದೆ ಸಾಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ. ಅವರಿಗೆ ಒತ್ತಡ ಹೆಚ್ಚಾಗಿ ಕಷ್ಟವಿತ್ತು, ನಮಗೆ ಸಾಲದೇ ಕಷ್ಟ. ಆದರೆ ಯಾವ ಜಾಗದಲ್ಲಿ ಎಷ್ಟಿದೆ ಎಂದು ತಿಳಿಯದೆ ಇಬ್ಬರಿಗೂ ಕೆಲಸ ಸಾಗದು.

ಹೆಜ್ಜೆ 1: ಎಷ್ಟು ಗಾಳಿ ಬೇಕು ಎಂದು ಕಾಗದದ ಮೇಲೆ ಬರೆಯಿರಿ

ಎಸಿಗೆ ಟನ್ನಿಗೆ 400 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 400 ಘನ ಅಡಿ ಗಾಳಿ ಎಂಬುದು ರೂಢಿಯ ಲೆಕ್ಕ. 2 ಟನ್ ಯಂತ್ರಕ್ಕೆ 800 ಸಿಎಫ್‌ಎಂ. ಡಕ್ಟ್‌ನ ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಅಡಿಯಲ್ಲಿ ತೆಗೆದುಕೊಂಡು ಸಿಎಫ್‌ಎಂ ಅನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಇಷ್ಟು ಅಡಿ ಎಂದು ವೇಗ ಸಿಗುತ್ತದೆ. 12 ಇಂಚು ಅಗಲ, 12 ಇಂಚು ಎತ್ತರದ ಡಕ್ಟ್ ಎಂದರೆ 1 ಚದರ ಅಡಿ. ಅದರಲ್ಲಿ 800 ಸಿಎಫ್‌ಎಂ ಹೋದರೆ ವೇಗ ನಿಮಿಷಕ್ಕೆ 800 ಅಡಿ, ಅಂದರೆ ಸೆಕೆಂಡಿಗೆ 4 ಮೀಟರ್. ಮನೆಯ ಮುಖ್ಯ ಡಕ್ಟ್‌ಗೆ ಇದು ಒಪ್ಪುವ ವೇಗ. ಕೋಣೆಗೆ ತಿರುಗುವ ಕವಲುಗಳಲ್ಲಿ 600 ಅಡಿಯ ಸುತ್ತಮುತ್ತ ಇದ್ದರೆ ಸದ್ದೂ ಇರುವುದಿಲ್ಲ.

ಈಗ ಒಂದು ಕವಲು ನೋಡೋಣ. ಮಲಗುವ ಕೋಣೆಗೆ 200 ಸಿಎಫ್‌ಎಂ ಬೇಕು. 8 ಇಂಚಿನ ಗುಂಡು ಡಕ್ಟ್ ಹಾಕಿದರೆ ವೇಗ 600 ಅಡಿಗಿಂತ ಸ್ವಲ್ಪ ಕಡಿಮೆ. ಫಾಲ್ಸ್ ಸೀಲಿಂಗ್‌ನಲ್ಲಿ ಜಾಗವಿಲ್ಲವೆಂದು 6 ಇಂಚಿನದ್ದು ಹಾಕಿದರೆ ವೇಗ 1,000 ಅಡಿ ದಾಟುತ್ತದೆ. ಅಷ್ಟೇ ಗಾಳಿ ಸಾಗಿಸಲು ತಗಲುವ ಘರ್ಷಣೆ, ವ್ಯಾಸ ಕಿರಿದಾದಂತೆ ಅದರ ಐದನೇ ಘಾತದ ಲೆಕ್ಕದಲ್ಲಿ ಏರುವುದರಿಂದ, ಈ 2 ಇಂಚಿನ ಉಳಿತಾಯಕ್ಕೆ ನಾಲ್ಕು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕಾಗುತ್ತದೆ. ಬ್ಲೋವರ್ ಅದನ್ನು ಕೊಡುವುದಿಲ್ಲ. ಗಾಳಿ ಸುಲಭದ ದಾರಿ ಹಿಡಿದು ಪಡಸಾಲೆಗೆ ಹೋಗುತ್ತದೆ. ಹಿಂದಿನ ಕೋಣೆ ಬೇಯುವುದರ ಕಾರಣ ಎಷ್ಟೋ ಸಲ ಇಲ್ಲಿಯೇ ಇರುತ್ತದೆ.

ಪ್ರತಿ ಕೋಣೆಯ ಹೆಸರು, ಬೇಕಾದ ಸಿಎಫ್‌ಎಂ, ಈಗಿರುವ ಡಕ್ಟ್‌ನ ಅಳತೆ, ಲೆಕ್ಕಕ್ಕೆ ಬಂದ ವೇಗ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. 1,000 ಅಡಿ ದಾಟಿದ ಕವಲಿಗೆ ಕೆಂಪು ಗುರುತು ಹಾಕಿ.

ಹೆಜ್ಜೆ 2: ಯಂತ್ರ ಎಷ್ಟು ತಳ್ಳಬಲ್ಲದು ಎಂದು ನೋಡಿ

ಯಂತ್ರದ ಪುಸ್ತಕದಲ್ಲಿ ಅಥವಾ ಮೈಮೇಲಿನ ಫಲಕದಲ್ಲಿ ಹೊರಗಿನ ಸ್ಟ್ಯಾಟಿಕ್ ಒತ್ತಡ ಎಂಬ ಅಂಕಿ ಇರುತ್ತದೆ. ಇಷ್ಟು ಅಡೆತಡೆಯ ವಿರುದ್ಧ ಇಷ್ಟು ಗಾಳಿ ಕೊಡುತ್ತೇನೆ ಎಂದು ಯಂತ್ರ ಕೊಡುವ ವಚನ ಅದು. ತೆಳ್ಳಗಿನ, ಸೀಲಿಂಗ್‌ನಲ್ಲಿ ಅಡಗುವ ಮಾದರಿಗಳು 10ರಿಂದ 50 ಪಾಸ್ಕಲ್‌ನಷ್ಟು ಮಾತ್ರ ಕೊಡುತ್ತವೆ. ದೊಡ್ಡ ಡಕ್ಟ್ ಮಾದರಿಗಳು 100, 150ರವರೆಗೂ ಹೋಗುತ್ತವೆ. ಕೆಲವು ಕಡೆ ಇದನ್ನು ನೀರಿನ ಇಂಚುಗಳಲ್ಲಿ ಬರೆದಿರುತ್ತಾರೆ: 1 ಇಂಚು ಎಂದರೆ ಸುಮಾರು 250 ಪಾಸ್ಕಲ್.

ನಿಮ್ಮ ಯಂತ್ರದ್ದು 50 ಪಾಸ್ಕಲ್ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ 12 ಇಂಚಿನ ನೇರ ಡಕ್ಟ್‌ನಲ್ಲಿ ಮೀಟರಿಗೆ ಅರ್ಧ ಪಾಸ್ಕಲ್‌ನಷ್ಟು ಕಳೆಯುತ್ತದೆ, 10 ಮೀಟರಿಗೆ ಬರೀ 5. ಆದರೆ ಅದೇ ಡಕ್ಟ್‌ನಲ್ಲಿ ತಗಡನ್ನು 90 ಡಿಗ್ರಿಗೆ ಚೂಪಾಗಿ ಮುರಿದು ಮಾಡಿದ ಒಂದು ಮೂಲೆ, ಒಳಗೆ ಗಾಳಿ ತಿರುಗಿಸುವ ಪಟ್ಟಿಗಳಿಲ್ಲದಿದ್ದರೆ, ಸುಮಾರು 11 ಪಾಸ್ಕಲ್ ನುಂಗುತ್ತದೆ. ಒಂದು ಮೂಲೆ 20 ಮೀಟರ್ ನೇರ ಡಕ್ಟ್‌ಗೆ ಸಮ. ಅದನ್ನೇ ಅಗಲವಾದ ಬಳಸಿನಲ್ಲಿ ಗುಂಡಗೆ ತಿರುಗಿಸಿದರೆ 2 ಪಾಸ್ಕಲ್ ಸಾಕು. ತಗಡಿನ ಕೆಲಸಗಾರನಿಗೆ ಗುಂಡು ಮೂಲೆ ಮಾಡುವುದು ಸ್ವಲ್ಪ ಹೆಚ್ಚಿನ ಶ್ರಮ, ನಿಜ. ಆದರೆ ಡಕ್ಟ್ ಕೆಲಸದಲ್ಲಿ ಹಣ ಕೊಟ್ಟು ಹೇಳಿ ಮಾಡಿಸಬೇಕಾದ ಒಂದು ಸಂಗತಿ ಇದ್ದರೆ ಅದು ಇದೇ.

ಬೇಕಾದಂತೆ ಬಾಗುವ ಫ್ಲೆಕ್ಸಿಬಲ್ ಡಕ್ಟ್‌ನದ್ದು ಬೇರೆ ಕಥೆ. ಪೂರ್ತಿ ಎಳೆದು ಕಟ್ಟಿದರೆ ಪರವಾಗಿಲ್ಲ. ಹೆಚ್ಚಿನ ಉದ್ದವನ್ನು ಕತ್ತರಿಸದೆ ಸೀಲಿಂಗ್ ಮೇಲೆ ಸುರುಳಿಯಾಗಿ ಬಿಟ್ಟರೆ ಒಳಗಿನ ಮಡಿಕೆಗಳು ಗಾಳಿಗೆ ತಡೆಯಾಗಿ, ನಷ್ಟ ಎರಡು ಪಟ್ಟು ದಾಟುತ್ತದೆ.

ಹೆಜ್ಜೆ 3: ಗೌಂಡಿಯ ಲೆವೆಲ್ ಪೈಪಿನಿಂದ ಮಾಪಕ ಮಾಡಿ

ಒತ್ತಡ ಅಳೆಯುವ ಡಿಜಿಟಲ್ ಮ್ಯಾನೋಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಒಂದು ಮನೆಗಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ. ಗೋಡೆಯ ಮಟ್ಟ ನೋಡಲು ಗೌಂಡಿಗಳು ಬಳಸುವ ಪಾರದರ್ಶಕ ಪೈಪು ಪ್ರತಿ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಅದರಲ್ಲೇ ಪಾಸ್ಕಲ್ ಓದಬಹುದು.

ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿದರೆ 10 ಪಾಸ್ಕಲ್‌ಗೆ ಎರಡು ಮಟ್ಟಗಳ ನಡುವೆ 1 ಮಿಲಿಮೀಟರ್ ವ್ಯತ್ಯಾಸ ಮಾತ್ರ ಬರುತ್ತದೆ. ಅದನ್ನು ಕಣ್ಣಿನಲ್ಲಿ ಓದುವುದು ಕಷ್ಟ. ಪೈಪನ್ನು ಓರೆಯಾಗಿ ಮಲಗಿಸಿದರೆ ಈ ತೊಂದರೆ ತೀರುತ್ತದೆ. 1 ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಏರುವಂತೆ ಇಟ್ಟರೆ, ನೀರು 1 ಮಿಲಿಮೀಟರ್ ಎತ್ತರ ಏರಲು ಪೈಪಿನೊಳಗೆ 10 ಮಿಲಿಮೀಟರ್ ಓಡಬೇಕು. ಹೀಗೆ ಪೈಪಿನ ಮೇಲಿನ ಒಂದೊಂದು ಮಿಲಿಮೀಟರ್ ಒಂದೊಂದು ಪಾಸ್ಕಲ್ ಆಗುತ್ತದೆ. ಹಲಗೆಗೆ ಅಂಟಿಸಿದ ಸಾಧಾರಣ ಟೇಪೇ ಅಳತೆಪಟ್ಟಿ.

ಮಾಡುವ ಕ್ರಮ: ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಪ್ಲೈವುಡ್ ಹಲಗೆ ತೆಗೆದುಕೊಳ್ಳಿ. ಪೈಪನ್ನು ಜೋತು ಬೀಳದಂತೆ ಅದರ ಮೇಲೆ ನೇರವಾಗಿ ಕ್ಲಿಪ್ ಹಾಕಿ ಕೂರಿಸಿ. ಕೆಳತುದಿಗೆ ಅಗಲ ಬಾಯಿಯ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕು. ಅಡ್ಡಳತೆ 8 ಸೆಂಟಿಮೀಟರ್ ಇದ್ದರೆ ಒಳ್ಳೆಯದು, ಏಕೆಂದರೆ ಪೈಪಿನಲ್ಲಿ ನೀರು ಏರಿದಾಗ ಡಬ್ಬಿಯ ಮಟ್ಟ ಹೆಚ್ಚು ಇಳಿಯಬಾರದು. ಓರೆ ಪೈಪಿನ ಕೆಳತುದಿಯನ್ನು ಡಬ್ಬಿಯ ತಳದ ಬಳಿ ಜೋಡಿಸಿ. ಮುಚ್ಚಳದಲ್ಲಿ ಇನ್ನೊಂದು ತೂತು ಮಾಡಿ, ಡಕ್ಟ್‌ಗೆ ಹೋಗುವ ಉದ್ದದ ಪೈಪು ಕೂರಿಸಿ. ಎರಡೂ ಜೋಡಣೆಗಳಿಗೆ ಸಿಲಿಕಾನ್ ಹಚ್ಚಿ ಒಂದು ರಾತ್ರಿ ಒಣಗಲು ಬಿಡಿ. ಇಲ್ಲಿ ಗಾಳಿ ಸೋರಿದರೆ ಓದುವ ಅಂಕಿಯೆಲ್ಲ ಸುಳ್ಳು.

ನೀರಿಗೆ ಒಂದು ಚಿಟಿಕೆ ಕುಂಕುಮ ಕಲಸಿ ಸೋಸಿ. ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಿದರೆ ನೀರು ಪೈಪಿಗೆ ಅಂಟಿಕೊಳ್ಳದೆ ಸಲೀಸಾಗಿ ಓಡುತ್ತದೆ. ಗುಳ್ಳೆಗಳು ಉಳಿಯದಂತೆ ಪೈಪನ್ನು ಬೆರಳಿನಿಂದ ತಟ್ಟಿ. ಹಲಗೆಯ ಏರನ್ನು ಅಳೆದು ಸರಿಮಾಡಿ, ಎರಡೂ ತುದಿ ತೆರೆದಿರುವಾಗ ನೀರು ನಿಂತ ಜಾಗಕ್ಕೆ ಸೊನ್ನೆಯ ಗುರುತು ಹಾಕಿ. ಸಪ್ಲೈ ಬದಿಯ ಒತ್ತಡ ಓದಲು ಡಬ್ಬಿಯ ಮುಚ್ಚಳದ ಪೈಪನ್ನು ಡಕ್ಟ್‌ಗೆ ಕೊಡಿ. ರಿಟರ್ನ್ ಬದಿಯ ಎಳೆತ ಓದಲು ಡಬ್ಬಿಯನ್ನು ತೆರೆದಿಟ್ಟು ಓರೆ ಪೈಪಿನ ಮೇಲ್ತುದಿಯನ್ನು ಡಕ್ಟ್‌ಗೆ ಕೊಡಿ. ಎರಡು ಸಲವೂ ನೀರು ಮೇಲಕ್ಕೇ ಓಡುತ್ತದೆ. ಈ ಮಾಪಕ ನಿಜಕ್ಕಿಂತ ತುಸು ಕಡಿಮೆ ತೋರಿಸಬಹುದು. ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲ.

ಹೆಜ್ಜೆ 4: ತೂತು ಎಲ್ಲಿ, ಅಂಕಿಯ ಅರ್ಥವೇನು

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಯಂತ್ರದ ಪೆಟ್ಟಿಗೆಯ ಮೈಗೆ ಡ್ರಿಲ್ ತಾಗಿಸಬೇಡಿ, ಒಳಗೆ ಗಾಳಿಯನ್ನು ತಂಪು ಮಾಡುವ ಗ್ಯಾಸ್ ಕೊಳವೆಗಳ ಕಾಯಿಲ್ ಇದೆ, ವೈರ್‌ಗಳಿವೆ. ಕಾಯಿಲ್‌ಗೆ ಒಂದು ಸಣ್ಣ ತೂತಾದರೂ ಗ್ಯಾಸ್ ಹೋಗಿ ದೊಡ್ಡ ಖರ್ಚು ಬರುತ್ತದೆ. ಯಂತ್ರದಿಂದ ಒಂದು ಅಡಿ ದೂರದ ಜಿಐ ತಗಡಿನಲ್ಲಿ, ಪೈಪು ಬಿಗಿಯಾಗಿ ಕೂರುವಷ್ಟು ತೂತು ಸಾಕು. ಒಂದು ತೂತು ಸಪ್ಲೈ ಬದಿಯಲ್ಲಿ, ಒಂದು ಫಿಲ್ಟರ್ ಮತ್ತು ಯಂತ್ರದ ನಡುವೆ, ಒಂದು ಫಿಲ್ಟರ್‌ಗಿಂತ ಹಿಂದೆ. ಪೈಪಿನ ತುದಿ ಡಕ್ಟ್‌ನ ಒಳಗೋಡೆಗೆ ಸಮನಾಗಿ ನಿಲ್ಲಬೇಕು. ಒಳಗೆ ಚಾಚಿದರೆ ಓಡುವ ಗಾಳಿ ತುದಿಗೆ ಬಡಿದು ಅಂಕಿ ಕೆಡುತ್ತದೆ. ಕೆಲಸ ಮುಗಿದ ಮೇಲೆ ರಬ್ಬರ್ ಬಿರಡೆ ಅಥವಾ ಅಲ್ಯೂಮಿನಿಯಂ ಟೇಪಿನಿಂದ ತೂತು ಮುಚ್ಚಿ.

ಎಲ್ಲ ಗ್ರಿಲ್‌ಗಳನ್ನೂ ಬಾಗಿಲುಗಳನ್ನೂ ತೆರೆದು, ಬ್ಲೋವರನ್ನು ದಿನವೂ ಓಡಿಸುವ ವೇಗದಲ್ಲಿ ಹಾಕಿ ಓದಿ. ಸಪ್ಲೈ ಬದಿಯ ಅಂಕಿಗೆ ಫಿಲ್ಟರ್ ದಾಟಿದ ಮೇಲಿನ ಎಳೆತದ ಅಂಕಿಯನ್ನು ಕೂಡಿಸಿ. ಸಪ್ಲೈ 28, ಎಳೆತ 34 ಎಂದು ಬಂದರೆ ಒಟ್ಟು 62. ಯಂತ್ರದ ಫಲಕದಲ್ಲಿ 50 ಎಂದಿದ್ದರೆ ಬ್ಲೋವರ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ, ಗಾಳಿ ಲೆಕ್ಕಕ್ಕಿಂತ ಕಡಿಮೆ ಬರುತ್ತಿದೆ ಎಂದು ತಿಳಿಯಿರಿ.

ಎರಡು ಅಂಕಿಗಳನ್ನು ಬೇರೆಬೇರೆಯಾಗಿ ನೋಡಿದರೆ ಕಾಯಿಲೆ ಯಾವ ಬದಿಯದೆಂದು ಗೊತ್ತಾಗುತ್ತದೆ. ಎಳೆತ ಹೆಚ್ಚು, ಸಪ್ಲೈ ಕಡಿಮೆ ಎಂದರೆ ಫಿಲ್ಟರ್ ಕಟ್ಟಿದೆ ಅಥವಾ ರಿಟರ್ನ್ ಗ್ರಿಲ್ ಚಿಕ್ಕದು. 800 ಸಿಎಫ್‌ಎಂಗೆ 24 ಇಂಚು ಅಗಲ, 16 ಇಂಚು ಎತ್ತರದ ರಿಟರ್ನ್ ಗ್ರಿಲ್ ಆದರೂ ಇರಬೇಕು. ಅಂದ ಕೆಡುತ್ತದೆಂದು ಅರ್ಧ ಗಾತ್ರದ್ದು ಹಾಕುವುದನ್ನು ಎಲ್ಲೆಡೆ ಕಾಣುತ್ತೇನೆ. ಸಪ್ಲೈ ಹೆಚ್ಚು, ಎಳೆತ ಕಡಿಮೆ ಎಂದರೆ ಮುಂದಿನ ದಾರಿಯಲ್ಲಿ ಅಡಚಣೆ ಇದೆ: ಮುಚ್ಚಿದ ಡ್ಯಾಂಪರ್ (ಡಕ್ಟ್‌ನೊಳಗೆ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ತಿರುಗು ತಗಡು), ಜಜ್ಜಿಹೋದ ಫ್ಲೆಕ್ಸಿಬಲ್ ಪೈಪು, ಚೂಪು ಮೂಲೆ. ಎರಡೂ ಹೆಚ್ಚಿದ್ದರೆ ಇಡೀ ಡಕ್ಟ್ ಸಣ್ಣದು. ಎರಡೂ ಕಡಿಮೆ ಇದ್ದು ಕೋಣೆಗೆ ಗಾಳಿಯೂ ಬರದಿದ್ದರೆ ಕಾಯಿಲ್ ಅಥವಾ ಬ್ಲೋವರ್ ಚಕ್ರಕ್ಕೆ ಧೂಳು ಮೆತ್ತಿಕೊಂಡಿರಬಹುದು, ಇಲ್ಲವೇ ಡಕ್ಟ್ ಎಲ್ಲೋ ದೊಡ್ಡದಾಗಿ ಬಿಟ್ಟುಕೊಂಡಿದೆ. ಈ ಕೊನೆಯ ಸ್ಥಿತಿ ಬಹಳ ಜನರನ್ನು ಮೋಸಗೊಳಿಸುತ್ತದೆ. ಒತ್ತಡ ಕಡಿಮೆ ಬಂತು, ಎಲ್ಲ ಸರಿಯಿದೆ ಎಂದುಕೊಂಡುಬಿಡುತ್ತಾರೆ.

ಫಿಲ್ಟರ್ ಮುಂದಿನ ಮತ್ತು ಹಿಂದಿನ ಅಂಕಿಗಳ ವ್ಯತ್ಯಾಸವನ್ನು ಫಿಲ್ಟರ್ ತೊಳೆದು ಒಣಗಿಸಿದ ದಿನವೇ ಓದಿ ಡಕ್ಟ್ ಮೇಲೆ ಪೆನ್ಸಿಲ್‌ನಿಂದ ಬರೆದಿಡಿ. ಅದು ಎರಡು ಪಟ್ಟಾದ ದಿನ ಮತ್ತೆ ತೊಳೆಯಿರಿ. ಮಾರ್ಚ್‌ನಿಂದ ಮೇವರೆಗೆ ಎರೆಹೊಲದ ಧೂಳು ಏಳುವ ನಮ್ಮ ಸೀಮೆಯಲ್ಲಿ ಪುಸ್ತಕದ ಲೆಕ್ಕದಂತೆ ತಿಂಗಳವರೆಗೆ ಕಾಯುವಂತಿಲ್ಲ.

ಜೊತೆಗೆ ಒಂದು ಥರ್ಮಾಮೀಟರ್ ಇರಲಿ. ರಿಟರ್ನ್ ಗಾಳಿಗಿಂತ ಸಪ್ಲೈ ಗಾಳಿ 8ರಿಂದ 12 ಡಿಗ್ರಿ ತಂಪಿರುವುದು ಸಾಮಾನ್ಯ. ನಮ್ಮ ಒಣ ಬೇಸಿಗೆಯಲ್ಲಿ ಕಾಯಿಲ್ ಮೇಲೆ ನೀರು ಕಟ್ಟುವುದು ಕಡಿಮೆಯಾದ್ದರಿಂದ ಈ ವ್ಯತ್ಯಾಸ ಮೇಲಂಚಿನಲ್ಲೇ ಇರುತ್ತದೆ. 14, 15 ದಾಟಿದರೆ ಸಂತೋಷಪಡಬೇಡಿ, ಗಾಳಿ ಸಾಲುತ್ತಿಲ್ಲವೆಂದು ಅರ್ಥ. ಹಾಗೇ ಬಿಟ್ಟರೆ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ.

ಹೆಜ್ಜೆ 5: ಗಾಳಿ ಮರಳುವ ದಾರಿ

ಈ ಹೆಜ್ಜೆಯನ್ನು ಯಾರೂ ಹಾರಿಸಬಾರದು. ಕೋಣೆಗೆ 200 ಸಿಎಫ್‌ಎಂ ಗಾಳಿ ತಳ್ಳಿದರೆ ಅಷ್ಟೇ ಗಾಳಿ ಹೊರಗೆ ಬರಬೇಕು. ಬಹುತೇಕ ಮನೆಗಳಲ್ಲಿ ರಿಟರ್ನ್ ಗ್ರಿಲ್ ಇರುವುದು ಪಡಸಾಲೆಯಲ್ಲಿ ಒಂದೇ. ರಾತ್ರಿ ಮಲಗುವ ಕೋಣೆಯ ಬಾಗಿಲು ಹಾಕಿದೊಡನೆ ಆ ಗಾಳಿಗೆ ಉಳಿಯುವುದು ಬಾಗಿಲ ಕೆಳಗಿನ ಸಂದು ಮಾತ್ರ.

3 ಅಡಿ ಅಗಲದ ಬಾಗಿಲಿನ ಕೆಳಗೆ 1 ಇಂಚು ಸಂದು ಇದೆ ಎಂದರೆ 36 ಚದರ ಇಂಚು. ಅದರಲ್ಲಿ 200 ಸಿಎಫ್‌ಎಂ ತೂರಿಸಲು ಸುಮಾರು 25 ಪಾಸ್ಕಲ್ ಬೇಕು. ಯಂತ್ರದ ಇಡೀ ಶಕ್ತಿಯೇ 50 ಇರುವಾಗ ಅರ್ಧವನ್ನು ಬಾಗಿಲಿಗೆ ಕೊಡಲು ಬ್ಲೋವರ್‌ಗೆ ಸಾಧ್ಯವಿಲ್ಲ. ಆದ್ದರಿಂದ ಕೋಣೆಗೆ ಬರುವ ಗಾಳಿಯೇ ಕುಗ್ಗುತ್ತದೆ. ಅದೇ ಹೊತ್ತಿಗೆ ಪಡಸಾಲೆಯಿಂದ ಎಳೆತ ಮುಂದುವರಿದು ಅಲ್ಲಿ ಒತ್ತಡ ಇಳಿಯುತ್ತದೆ, ಹೊರಗಿನ ಬಿಸಿ ಧೂಳು ಕಿಟಕಿಯ ಸಂದಿಯಿಂದ ಒಳಗೆ ನುಗ್ಗುತ್ತದೆ. ಕೋಣೆಯಲ್ಲಿ ಸೆಖೆ, ಪಡಸಾಲೆಯಲ್ಲಿ ಧೂಳು ಎಂಬ ಎರಡು ದೂರುಗಳಿಗೂ ಮೂಲ ಒಂದೇ ಬಾಗಿಲು.

ಪರೀಕ್ಷೆ ಸುಲಭ. ಯಂತ್ರ ಓಡುತ್ತಿರುವಾಗ ಕೋಣೆಯ ಬಾಗಿಲು ಹಾಕಿ, ಮಾಪಕದ ಡಬ್ಬಿಯ ಪೈಪನ್ನು ಬಾಗಿಲ ಕೆಳಗಿನಿಂದ ಕೋಣೆಯೊಳಗೆ ತೂರಿಸಿ, ಪಡಸಾಲೆಯಲ್ಲಿ ಕುಳಿತು ಓದಿ. 3 ಪಾಸ್ಕಲ್ ಒಳಗಿದ್ದರೆ ಸರಿ. ಮಾಪಕ ಇಲ್ಲದಿದ್ದರೆ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಹಿಡಿದು ಬಿಡಿ. 10 ಪಾಸ್ಕಲ್ ವ್ಯತ್ಯಾಸವೆಂದರೆ ಸಾಧಾರಣ ಬಾಗಿಲಿನ ಮೇಲೆ 2 ಕಿಲೋ ತೂಕದಷ್ಟು ಬಲ. ಬಾಗಿಲು ತಾನಾಗಿಯೇ ಚಲಿಸಿದರೆ ಅರ್ಥವಾಯಿತು.

3 ಪಾಸ್ಕಲ್ ಒಳಗೆ ಇಡಬೇಕಾದರೆ 200 ಸಿಎಫ್‌ಎಂಗೆ ಸುಮಾರು 100 ಚದರ ಇಂಚು ತೆರಪು ಬೇಕು, ಅಂದರೆ 2 ಸಿಎಫ್‌ಎಂಗೆ 1 ಚದರ ಇಂಚು. ನಮ್ಮ ಕಡೆ ಕೋಣೆಗಳಿಗೆ ಹೊಸ್ತಿಲು ಇರುವುದರಿಂದ ಬಾಗಿಲ ಕೆಳಗೆ ಅಷ್ಟು ಸಿಗುವುದಿಲ್ಲ. ಆದರೆ ಬಾಗಿಲ ಮೇಲೆ ವೆಂಟಿಲೇಟರ್ ಇಡುವುದು ಹಿಂದಿನವರ ರೂಢಿ. ಎಸಿ ಬಂದ ಮೇಲೆ ತಂಪು ಹೋಗುತ್ತದೆಂದು ಅದಕ್ಕೆ ಗಾಜು ಕೂರಿಸಿ ಮುಚ್ಚಿಬಿಟ್ಟಿದ್ದಾರೆ. ಆ ಗಾಜು ತೆಗೆದು ಓರೆಪಟ್ಟಿಯ ಗ್ರಿಲ್ ಹಾಕಿಸಿ. ಬೆಳಕು ಬರುವುದಿಲ್ಲ, ಗಾಳಿ ಹೋಗುತ್ತದೆ. ಮಾತು ಕೇಳಿಸುತ್ತದೆ ಎನ್ನುವವರು ಸೀಲಿಂಗ್ ಮೇಲಿಂದ ಕೋಣೆಗೂ ಪಡಸಾಲೆಗೂ ಒಂದು ಗುಂಡು ಡಕ್ಟ್ ಎಳೆಸಬಹುದು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದು, ಮನೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾದರೆ ಹೊರಹೋಗಬೇಕಾದ ಹೊಗೆಗಾಳಿ ಒಳಕ್ಕೇ ತಿರುಗಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆಮನೆಯ ಚಿಮಣಿ ಜೋರಾಗಿ ಓಡುವಾಗ ಈ ಅಪಾಯ ಇನ್ನೂ ಹೆಚ್ಚು. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ಬಯಲು ಗಾಳಿಯಲ್ಲಿ ಇಡಿಸಿ. ಚಿಮಣಿ ಓಡುವಾಗ ಅಡುಗೆಮನೆಯ ಕಿಟಕಿ ತೆರೆದಿರಲಿ.

ಹೆಜ್ಜೆ 6: ಡಕ್ಟ್ ಕೂಲರ್ ಆದರೆ ಲೆಕ್ಕವೇ ಬೇರೆ

ಒಣ ಸೆಖೆಯ ವಿಜಯಪುರ, ಬಾಗಲಕೋಟೆಗಳಿಗೆ ನೀರಿನ ಕೂಲರ್ ನಿಜಕ್ಕೂ ಒಪ್ಪುವ ಯಂತ್ರ. ಹೊರಗೆ 40 ಡಿಗ್ರಿ ಶಾಖ, ಗಾಳಿಯಲ್ಲಿ ಶೇ. 20 ತೇವ ಇರುವ ಮಧ್ಯಾಹ್ನ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 22ರ ಸುಮಾರು ತೋರಿಸುತ್ತದೆ. ಜೇನುಗೂಡಿನಂಥ ಒಳ್ಳೆಯ ಹನಿಕಾಂಬ್ ಪ್ಯಾಡ್ ಈ 18 ಡಿಗ್ರಿ ಅಂತರದಲ್ಲಿ ಶೇ. 80ರಷ್ಟನ್ನು ಇಳಿಸಿ 25, 26 ಡಿಗ್ರಿಯ ಗಾಳಿ ಕೊಡುತ್ತದೆ.

ಆದರೆ ಕೂಲರ್‌ಗೆ ಗಾಳಿ ಬಹಳ ಬೇಕು. 1,000 ಚದರ ಅಡಿಯ, 10 ಅಡಿ ಎತ್ತರದ ಮನೆಯ ಗಾಳಿಯನ್ನು ಗಂಟೆಗೆ 25 ಸಲ ಬದಲಿಸಬೇಕೆಂದರೆ 4,000 ಸಿಎಫ್‌ಎಂ ದಾಟುತ್ತದೆ, ಎಸಿಯ ಐದು ಪಟ್ಟು. ಎಸಿಗೆಂದು ಮಾಡಿದ 1 ಚದರ ಅಡಿಯ ಡಕ್ಟ್‌ಗೆ ಕೂಲರ್ ಜೋಡಿಸಿದರೆ ಒತ್ತಡದ ಬೇಡಿಕೆ 25 ಪಟ್ಟಾಗುತ್ತದೆ. ಎರಡಕ್ಕೂ ಒಂದೇ ಡಕ್ಟ್ ಸಾಕು ಎನ್ನುವವರ ಮಾತು ಕೇಳಬೇಡಿ. ಕೂಲರ್‌ನ ಮುಖ್ಯ ಡಕ್ಟ್‌ನಲ್ಲಿ 1,200 ಅಡಿ ವೇಗ ಇಟ್ಟರೂ 24 ಇಂಚು ಅಗಲ, 20 ಇಂಚು ಎತ್ತರ ಬೇಕು. ಎಲೆಯ ಫ್ಯಾನ್ ಇರುವ ಕಿಟಕಿ ಕೂಲರ್‌ಗೆ ಡಕ್ಟ್ ಕಟ್ಟುವುದೂ ವ್ಯರ್ಥ: ಆ ಫ್ಯಾನ್ ಬಯಲಿಗೆ ಬಹಳ ಗಾಳಿ ಬೀಸುತ್ತದೆ, ತಡೆ ಎದುರಾದರೆ ಸೋಲುತ್ತದೆ. ಬಸವನ ಹುಳುವಿನ ಚಿಪ್ಪಿನಂಥ ಪೆಟ್ಟಿಗೆಯೊಳಗೆ ತಿರುಗುವ ಬ್ಲೋವರ್ ಇರುವ ಯಂತ್ರವೇ ಆಗಬೇಕು.

ಕೂಲರ್‌ಗೆ ರಿಟರ್ನ್ ಇಲ್ಲ. ಬಂದ ಗಾಳಿಯೆಲ್ಲ ಕಿಟಕಿಯಿಂದ ಹೊರಗೆ ಹೋಗಬೇಕು. 1,000 ಸಿಎಫ್‌ಎಂಗೆ 2 ಚದರ ಅಡಿ ಕಿಟಕಿ ತೆರೆದಿಟ್ಟರೆ ಮನೆಯೊಳಗೆ 10 ಪಾಸ್ಕಲ್‌ನಷ್ಟು ಒತ್ತಡ ನಿಲ್ಲುತ್ತದೆ, 4,000ಕ್ಕೆ 8 ಚದರ ಅಡಿ. ಅರ್ಧ ಮುಚ್ಚಿದರೆ ಅದೇ ಗಾಳಿಗೆ 40 ಪಾಸ್ಕಲ್ ಬೇಕು. ಗಾಳಿ ನಿಲ್ಲುತ್ತದೆ, ತೇವ ಏರುತ್ತದೆ, ಮೈ ಅಂಟಂಟಾಗುತ್ತದೆ. ಯಾವ ಕೋಣೆಗೆ ತಂಪು ಬೇಕೋ ಆ ಕೋಣೆಯ ಕಿಟಕಿ ತೆರೆಯಿರಿ, ಗಾಳಿ ಅಲ್ಲಿಗೇ ಹರಿದುಬರುತ್ತದೆ. ಡ್ಯಾಂಪರ್ ಮುಟ್ಟದೆ ಗಾಳಿಯ ದಿಕ್ಕು ಬದಲಿಸುವ ಉಪಾಯ ಇದು. ಪಡುವಣ ಗಾಳಿ ಜೋರಾಗಿರುವ ದಿನ ಪಶ್ಚಿಮದ ಕಿಟಕಿಯನ್ನು ತೆರೆಯಲೇಬೇಡಿ. ಸೆಕೆಂಡಿಗೆ 10 ಮೀಟರ್ ಗಾಳಿ ಗೋಡೆಯನ್ನು 50 ಪಾಸ್ಕಲ್‌ಗೂ ಹೆಚ್ಚು ಒತ್ತಬಲ್ಲದು, ನಿಮ್ಮ ಬ್ಲೋವರ್ ಅದರೆದುರು ನಿಲ್ಲುವುದಿಲ್ಲ. ಪೂರ್ವದ ಕಿಟಕಿ ತೆರೆಯಿರಿ.

ಬೋರ್‌ವೆಲ್ಲಿನ ಗಡಸು ನೀರು ಪ್ಯಾಡ್‌ಗೆ ಬಿಳಿ ಉಪ್ಪು ಕಟ್ಟಿಸಿ ಗಾಳಿಯ ದಾರಿ ಮುಚ್ಚುತ್ತದೆ. ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಿ ಹೊಸದು ತುಂಬಿ.

ಹೆಜ್ಜೆ 7: ಸೋರಿಕೆ ಹಿಡಿಯಿರಿ

ಬ್ಲೋವರ್ ಜೋರಾಗಿ ಓಡುವಾಗ ಹೊತ್ತಿಸಿದ ಊದುಬತ್ತಿಯನ್ನು ಪ್ರತಿ ಜೋಡಣೆಯ ಬಳಿ ಹಿಡಿಯಿರಿ. ಸಪ್ಲೈ ಬದಿಯಲ್ಲಿ ಹೊಗೆ ದೂರ ಚದುರಿದರೆ, ರಿಟರ್ನ್ ಬದಿಯಲ್ಲಿ ಸಂದಿಯೊಳಗೆ ಹೀರಿಕೊಂಡರೆ ಅಲ್ಲಿ ಸೋರಿಕೆ. ಇನ್ಸುಲೇಶನ್‌ಗೆ ಕಿಡಿ ತಾಗದಂತೆ ನೋಡಿಕೊಳ್ಳಿ. ರಿಟರ್ನ್ ಬದಿಯ ಸೋರಿಕೆಯನ್ನು ಮೊದಲು ಮುಚ್ಚಿ, ಏಕೆಂದರೆ ಅದು ಬಿಸಿಲಿಗೆ ಕಾದ ಮಾಳಿಗೆಯ ಕೆಳಗಿನ ಗಾಳಿಯನ್ನೂ ಧೂಳನ್ನೂ ನೇರವಾಗಿ ಯಂತ್ರದೊಳಗೆ ಎಳೆಯುತ್ತದೆ. ಬಟ್ಟೆಯ ಟೇಪು ನಮ್ಮ ಶಾಖಕ್ಕೆ ಒಣಗಿ ಬಿಚ್ಚಿಕೊಳ್ಳುತ್ತದೆ. ತಗಡನ್ನು ಒರೆಸಿ, ಸೀಲಂಟ್ ಹಚ್ಚಿ, ಮೇಲೆ ಅಲ್ಯೂಮಿನಿಯಂ ಟೇಪು ಒತ್ತಿ.

ಹೆಜ್ಜೆ 8: ಡ್ಯಾಂಪರ್ ಹೊಂದಿಸುವುದು ಎಲ್ಲಕ್ಕಿಂತ ಕೊನೆಗೆ

ಮೇಲಿನ ತಪ್ಪುಗಳನ್ನೆಲ್ಲ ತಿದ್ದಿದ ಮೇಲೆ ಎಲ್ಲ ಡ್ಯಾಂಪರ್ ಪೂರ್ತಿ ತೆರೆಯಿರಿ. ಪ್ರತಿ ಗ್ರಿಲ್‌ನಲ್ಲಿ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಹಿಡಿದು ನಾಲ್ಕಾರು ಜಾಗದ ವೇಗದ ಸರಾಸರಿ ತೆಗೆದು, ಗ್ರಿಲ್‌ನ ತೆರಪಿನ ವಿಸ್ತೀರ್ಣದಿಂದ ಗುಣಿಸಿ, ಮೊದಲ ಹಾಳೆಯ ಸಿಎಫ್‌ಎಂ ಪಕ್ಕ ಬರೆಯಿರಿ. ಬೇಕಾದದ್ದಕ್ಕೆ ಹೋಲಿಸಿದರೆ ಅತಿ ಕಡಿಮೆ ಪಡೆಯುವ ಕೋಣೆಯ ಡ್ಯಾಂಪರನ್ನು ಎಂದಿಗೂ ಮುಟ್ಟಬೇಡಿ. ಅತಿ ಹೆಚ್ಚು ಪಡೆಯುವ ಹತ್ತಿರದ ಕೋಣೆಯದನ್ನು ಸ್ವಲ್ಪ ಮುಚ್ಚಿ, ಎಲ್ಲವನ್ನೂ ಮತ್ತೆ ಅಳೆಯಿರಿ. ಒಂದನ್ನು ತಿರುಗಿಸಿದರೆ ಉಳಿದವೆಲ್ಲ ಬದಲಾಗುವುದರಿಂದ ಎರಡು ಮೂರು ಸುತ್ತು ಹಿಡಿಯುತ್ತದೆ. ಸರಿಹೋದ ಮೇಲೆ ಹಿಡಿಕೆಯ ಜಾಗಕ್ಕೆ ಬಣ್ಣದ ಗೆರೆ ಎಳೆದು, ಒಟ್ಟು ಒತ್ತಡವನ್ನು ಮತ್ತೊಮ್ಮೆ ಓದಿ.

ಯಾರೂ ಮಲಗದ ಕೋಣೆಯ ಗ್ರಿಲ್ ಮುಚ್ಚಿದರೆ ಕರೆಂಟ್ ಉಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಹಾಗಾಗುವುದಿಲ್ಲ. ಒತ್ತಡ ಏರಿ, ಸಾಧಾರಣ ಮೋಟಾರಾದರೆ ಒಟ್ಟು ಗಾಳಿ ಕುಗ್ಗುತ್ತದೆ, ಗಾಳಿಯ ಪ್ರಮಾಣ ಕಾಯ್ದುಕೊಳ್ಳುವ ಹೊಸ ಇಸಿ ಮೋಟಾರಾದರೆ ಹೆಚ್ಚು ಕರೆಂಟ್ ತಿನ್ನುತ್ತದೆ. ಬ್ಲೋವರ್ ವೇಗ ಏರಿಸುವುದೂ ಹಾಗೆಯೇ: ಶೇ. 10 ವೇಗ ಹೆಚ್ಚಿಸಿದರೆ ಗಾಳಿ ಶೇ. 10 ಹೆಚ್ಚುತ್ತದೆ, ಮೋಟಾರಿನ ಹೊರೆ ಶೇ. 33 ಏರುತ್ತದೆ.

ಹೊಸದಾಗಿ ಹಾಕಿಸುವವರಿಗೆ

ಬೆಳಗಾವಿಯವರು ಕೂಲರ್ ಬಗ್ಗೆ ಎರಡು ಸಲ ಯೋಚಿಸಲಿ. ಅಲ್ಲಿ ಮಳೆಗಾಲದ ತೇವ ತುಂಬಿದ ಗಾಳಿಯಲ್ಲಿ ಪ್ಯಾಡ್ ಏನೂ ತಂಪು ಕೊಡದು. ಚಳಿಗೂ ಬೇಕೆಂದರೆ ಬಿಸಿ ಗಾಳಿಯನ್ನೂ ಕೊಡುವ ಎಸಿ ತೆಗೆದುಕೊಳ್ಳಬಹುದು, ಅದಕ್ಕೂ ಇದೇ ಡಕ್ಟ್, ಇದೇ ಅಳತೆ. ಬಿಸಿ ಗಾಳಿ ಮೇಲೇ ನಿಲ್ಲುವುದರಿಂದ ಗ್ರಿಲ್‌ನ ಪಟ್ಟಿಗಳನ್ನು ಕೆಳಮುಖ ಮಾಡಬೇಕು, ಅಷ್ಟೇ.

ಕೊಟೇಶನ್ ಕೇಳುವಾಗ ಟನ್ ಮತ್ತು ದರದ ಜೊತೆಗೆ ಪ್ರತಿ ಕೋಣೆಯ ಸಿಎಫ್‌ಎಂ, ಯಂತ್ರದ ಹೊರಗಿನ ಸ್ಟ್ಯಾಟಿಕ್ ಒತ್ತಡ, ರಿಟರ್ನ್ ಗ್ರಿಲ್‌ನ ಗಾತ್ರ, ಮುಚ್ಚಿದ ಕೋಣೆಯಿಂದ ಗಾಳಿ ಮರಳುವ ದಾರಿ, ಇವನ್ನೂ ಬರೆಸಿಕೊಳ್ಳಿ. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಬ್ಲೋವರ್ ಓಡಿಸಿ ಒತ್ತಡ ಅಳೆದು ತೋರಿಸಬೇಕು, ಅಂಕಿ ಒಪ್ಪಿಗೆಯಾದ ಮೇಲೆಯೇ ಕೊನೆಯ ಕಂತು ಎಂಬ ಷರತ್ತು ಹಾಕಿ. ಪಿಓಪಿ ಬಿದ್ದ ಮೇಲೆ ಡಕ್ಟ್ ಬದಲಿಸುವುದೆಂದರೆ ಸೀಲಿಂಗ್ ಒಡೆಯುವುದೇ.